ಅಣ್ಣನ ಹೆಬ್ಬೆರಳು

ನನ್ನ ಅಣ್ಣನ ಕಣ್ಣು ಹೋದದ್ದು ಸಕ್ಕರೆ ಕಾಯಿಲೆಯಿಂದ. ಹುಬ್ಬಳ್ಳಿಯ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟದ್ದೂ ಅದನ್ನೇ, ನಾವು ಬಂಧುಬಳಗಕ್ಕೆ ಹೇಳುತ್ತ ಬಂದದ್ದೂ ಅದನ್ನೇ. ಸುಳ್ಳೇನಲ್ಲ. ಆದರೆ ಆ ಕಣ್ಣನ್ನು ಒಂದಿಷ್ಟಾದರೂ ಉಳಿಸಿಕೊಳ್ಳುವ ಒಂದು ಅವಕಾಶ ನನ್ನ ಕೈಗೆ ಬಂದಿತ್ತು. ಸಿಟ್ಟಿನ ಭರದಲ್ಲಿ ನಾನು ಅದನ್ನು ಕೈಯಾರೆ ಕಳೆದೆ. ಒಂದು ಕಾರಿನ ಎಂಜಿನ್ ಕಂಪ್ಯೂಟರಿನ ನಂಬರು ತಪ್ಪಿದ್ದು ಗೊತ್ತಾದ ದಿನ ಅದು. ಆ ದಿನದ ಸಂಗತಿಯನ್ನು ಇದುವರೆಗೆ ಯಾರಿಗೂ ನೆಟ್ಟಗೆ ಹೇಳಿಲ್ಲ.

ರಾಣೆಬೆನ್ನೂರಿನಲ್ಲಿ ದೊಡ್ಡ ರಸ್ತೆಗೆ ಮುಖ ಮಾಡಿಕೊಂಡು ನಮ್ಮ ಡೀಸೆಲ್ ಪಂಪಿನ ಅಂಗಡಿ ಇತ್ತು. ಪಂಪು ಎಂದರೆ ಎಣ್ಣೆ ತುಂಬಿಸುವ ಬಂಕಲ್ಲ. ಲಾರಿಯ ಎಂಜಿನ್ನಿನ ಮಗ್ಗುಲಿಗೆ ಕೂತು ಒಂದೊಂದು ಸಿಲಿಂಡರಿಗೂ ಇಷ್ಟಿಷ್ಟೇ ಎಂದು ಡೀಸೆಲ್ ಅಳೆದು ಕೊಡುವ ಯಂತ್ರ. ಅದನ್ನು ಬಿಚ್ಚುವುದು, ತೊಳೆಯುವುದು, ಮಷಿನ್ನಿಗೆ ಕಟ್ಟಿ ತಿರುಗಿಸಿ ಅಳತೆ ಸರಿಮಾಡುವುದು ನಮ್ಮ ಕೆಲಸ. ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ಹೊರಟ ಲಾರಿಗಳು, ಕುಮಾರಪಟ್ಟಣದ ಕಾರ್ಖಾನೆಗೆ ಕಟ್ಟಿಗೆ ತರುವ ಲಾರಿಗಳು, ಹಲಗೇರಿ ಕಡೆಯ ಟ್ರ್ಯಾಕ್ಟರುಗಳು, ಎಲ್ಲವೂ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದವು. ಮಿಸ್ತ್ರಿ ಎಂದರೆ ನನ್ನ ಅಣ್ಣ. ನಾನು ಅವನಿಗಿಂತ ಹತ್ತು ವರ್ಷ ಚಿಕ್ಕವ, ಹಾವೇರಿಯಲ್ಲಿ ಐಟಿಐ ಮುಗಿಸಿ ಬಂದು ಅವನ ಜೊತೆ ನಿಂತವ. ನಾನೂ ಮಿಸ್ತ್ರಿಯೇ, ಆದರೆ ನನ್ನನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ.

ಡ್ರೈವರುಗಳ ಬೇಡಿಕೆ ಯಾವಾಗಲೂ ಒಂದೇ. "ಮಿಸ್ತ್ರಿ, ಗಾಡಿ ಎಳಿವಲ್ದು. ಏರಿನ್ಯಾಗ ಉಸಿರು ಬಿಡ್ತೈತಿ. ಒಂದೀಟು ಎಣ್ಣಿ ಜಾಸ್ತಿ ಕೊಡ್ರಿ."

ಅಣ್ಣ ಅವಸರ ಮಾಡುತ್ತಿರಲಿಲ್ಲ. "ತಡೀರಿ, ಮೊದಲ ಹೆಸರು ಕೇಳೂಣು. ಯಾರ ಮನಿತನ, ಯಾವ ಊರು ಅಂತ ಕೇಳದ ಹೆಣ್ಣು ಕೊಡ್ತೀರೇನು ನೀವು?"

ಹೆಸರು ಎಂದರೆ ಪಂಪಿನ ಮೈಗೆ ಬಡಿದ ತಗಡಿನ ಪಟ್ಟಿಯ ಮೇಲಿನ ನಂಬರು. ನೋಡಲು ಎಲ್ಲ ಪಂಪೂ ಒಂದೇ ತರಹ. ಒಂದಕ್ಕೆ ಹೊಂದುವ ಅಳತೆಯನ್ನು ಇನ್ನೊಂದಕ್ಕೆ ಕೊಟ್ಟರೆ ಲಾರಿ ಎರಡು ದಿನ ಹುಲಿಯ ಹಾಗೆ ಓಡುತ್ತದೆ, ಮೂರನೆಯ ದಿನ ಕರಿಹೊಗೆ ಉಗುಳಿ ಪಿಸ್ಟನ್ ಹಿಡಿದು ನಿಲ್ಲುತ್ತದೆ. ಹಾಗಾಗಿ ನಂಬರು ಓದದೆ ಬೋಲ್ಟು ಬಿಚ್ಚಲು ಪಾನಾ ಹಿಡಿಯಬಾರದು ಎಂಬುದು ಅಂಗಡಿಯ ಕಟ್ಟಳೆ. ಅದಕ್ಕೊಂದು ರೀತಿಯೂ ಇತ್ತು. ಅಣ್ಣ ಪಂಪನ್ನು ತೊಡೆಯ ಮೇಲೆ ಇಟ್ಟುಕೊಂಡು, ಪಟ್ಟಿಯನ್ನು ಹೆಬ್ಬೆರಳಿನಿಂದ ತಿಕ್ಕಿ, ಒಂದೊಂದೇ ಅಂಕಿ ಗಟ್ಟಿಯಾಗಿ ಹೇಳಬೇಕು. ನಾನು ದೂರ ಕೂತು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮುಗಿದ ಮೇಲೆ ಅವನು "ಬರಕೊಂಡಿಯೇನು?" ಅನ್ನಬೇಕು, ನಾನು "ಬರಕೊಂಡೆ" ಅನ್ನಬೇಕು. ಆಮೇಲೆ ಕೆಲಸ. ಓದುವವನ ಹೆಗಲ ಮೇಲಿಂದ ಬರೆಯುವವ ಇಣುಕಬಾರದು. ನಾನು ಹೊಸದಾಗಿ ಬಂದಾಗ ಒಮ್ಮೆ ಇಣುಕಿದ್ದಕ್ಕೆ ಅಣ್ಣ ಪಂಪನ್ನೇ ಕೆಳಗಿಟ್ಟಿದ್ದ.

"ಇಬ್ಬರೂ ನೋಡಾಕ ಹೋದ್ರ ಅಂವ ನೋಡ್ಯಾನ ಅಂತ ನೀ ಬಿಡ್ತಿ, ನೀ ನೋಡೀದಿ ಅಂತ ಅಂವ ಬಿಡ್ತಾನ. ಒಬ್ಬಾಂವ ನೋಡಬೇಕು, ಒಬ್ಬಾಂವ ನಂಬಬೇಕು" ಎಂದಿದ್ದ. ನನಗೂ ಅದು ಸರಿಯೆನಿಸಿತ್ತು. ಹದಿನೈದು ವರ್ಷ ನಂಬಿದೆ. ಒಂದು ಅಂಕಿಯೂ ತಪ್ಪಲಿಲ್ಲ.

ಅಣ್ಣ ಕಲಿತದ್ದು ನಾಲ್ಕನೆಯ ಇಯತ್ತೆ. ಅಪ್ಪ ತೀರಿಕೊಂಡ ವರ್ಷ ಶಾಲೆ ಬಿಟ್ಟು ದಾವಣಗೆರೆಯ ಗ್ಯಾರೇಜಿಗೆ ಸೇರಿದ. ಇಂಗ್ಲಿಷ್ ಅಕ್ಷರ, ಅಂಕಿಗಳನ್ನು ಅವನು ಕಲಿತದ್ದು ಪುಸ್ತಕದಿಂದಲ್ಲ, ಪಂಪಿನ ಪಟ್ಟಿಗಳಿಂದ. ನನ್ನನ್ನು ಹಾವೇರಿಗೆ ಓದಲು ಕಳಿಸಿದ್ದೂ ಅವನೇ. ಪ್ರತಿ ಸೋಮವಾರ ಮುಂಜಾನೆ ಬಸ್ಸಿನ ತನಕ ಬಂದು, ರೊಟ್ಟಿ ಬುತ್ತಿಯನ್ನು ಕಿಟಕಿಯಿಂದ ಒಳಗೆ ಕೊಟ್ಟು, ಬಸ್ಸು ಹೊರಳುವವರೆಗೆ ನಿಲ್ಲುತ್ತಿದ್ದ. ಈ ಮಾತು ಇಲ್ಲಿ ಬರೆಯುವುದು ಅವನನ್ನು ದೊಡ್ಡವನನ್ನಾಗಿ ಮಾಡಲಿಕ್ಕಲ್ಲ, ಮುಂದೆ ನಾನು ಎಷ್ಟು ಸಣ್ಣವನಾದೆ ಎಂದು ತಿಳಿಯಲಿ ಎಂದು.

ಅವನ ಕಣ್ಣಿಗೆ ಏನೋ ಆಗುತ್ತಿದೆ ಎಂಬುದಕ್ಕೆ ಗುರುತುಗಳು ಇರಲಿಲ್ಲವೆಂದಲ್ಲ. ಪಂಪನ್ನು ಮಷಿನ್ನಿಗೆ ಕಟ್ಟಿದಾಗ ಡೀಸೆಲ್ ಗಾಜಿನ ನಳಿಗೆಗಳಿಗೆ ಬೀಳುತ್ತದೆ, ಯಾವ ನಳಿಗೆಯಲ್ಲಿ ಎಷ್ಟಿದೆ ಎಂದು ಗೆರೆ ನೋಡಿ ಹೇಳಬೇಕು. ಮೊದಲೆಲ್ಲ ಅದು ಅವನದೇ ಕೆಲಸ. ಆಮೇಲಾಮೇಲೆ "ನೀನ ನೋಡು, ನೀನೂ ಕಲೀಬೇಕಲ್ಲ" ಅನ್ನತೊಡಗಿದ. ಕಲಿತು ಹತ್ತು ವರ್ಷವಾದವನಿಗೆ ಆ ಮಾತು ಹೇಳುತ್ತಿದ್ದಾನಲ್ಲ ಎಂದು ನಾನು ಒಳಗೊಳಗೇ ಉರಿದೆನೇ ಹೊರತು ಯಾಕೆ ಎಂದು ಯೋಚಿಸಲಿಲ್ಲ. ಆಗಾಗ ಕಣ್ಣು ಒರೆಸಿಕೊಳ್ಳುತ್ತಿದ್ದ. ಕೇಳಿದರೆ "ಬ್ಯಾಡಗಿ ಲಾರಿ ಬಂದಿತ್ತಲ್ಲೋ, ಘಾಟು" ಅನ್ನುತ್ತಿದ್ದ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಯಾರ ಕಣ್ಣು ನೀರಾಡುವುದಿಲ್ಲ? ನಂಬಿದೆ. ಸಕ್ಕರೆ ಇರುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗುಳಿಗೆ ನುಂಗುತ್ತಿದ್ದ, ಚಹಾಕ್ಕೆ ಸಕ್ಕರೆಯನ್ನೂ ಹಾಕಿಸಿಕೊಳ್ಳುತ್ತಿದ್ದ. ಅವನ ಹೆಂಡತಿ, ನನ್ನ ವೈನಿ, ಬೈದರೆ ನಗುತ್ತಿದ್ದ.

ತೊಂಬತ್ತರ ದಶಕದ ಕೊನೆಗೆ ಒಂದು ಯುಗಾದಿಯ ಹೊತ್ತಿಗೆ ಆ ಕಾರು ಬಂತು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು, ನಮ್ಮ ಹಳೆಯ ಗಿರಾಕಿ, ಮುಂಬೈಯಲ್ಲಿ ಯಾರಿಂದಲೋ ಕೊಂಡ ಪರದೇಶದ ಪೆಟ್ರೋಲ್ ಕಾರು. ಬಿಳಿ ಬಣ್ಣ, ಬಾಗಿಲು ಹಾಕಿದರೆ ಸಪ್ಪಳವೇ ಇಲ್ಲ. ಸಾಹುಕಾರರಿಗೆ ಅದರ ಓಟ ಸಾಲದು. ಆ ಕಾರಿನ ಎಂಜಿನ್ನಿಗೆ ಒಂದು ಕಂಪ್ಯೂಟರ್ ಇತ್ತು. ಎಷ್ಟು ಪೆಟ್ರೋಲು ಬಿಡಬೇಕು, ಯಾವ ಗಳಿಗೆಗೆ ಕಿಡಿ ಹಾರಿಸಬೇಕು ಎಂದು ಲೆಕ್ಕ ಹಾಕುವ ಒಂದು ಡಬ್ಬಿ. ಅದರೊಳಗೆ ಜಿರಳೆಯ ಹಾಗೆ ಎರಡೂ ಬದಿಗೆ ಕಾಲಿರುವ ಕಪ್ಪು ಚಿಪ್. ಆ ಚಿಪ್ಪನ್ನು ತೆಗೆದು ಬೇರೆ ಚಿಪ್ ಹಾಕಿದರೆ ಕಾರಿನ ಶಕ್ತಿ ಏರುತ್ತದೆ ಎಂದು ಮುಂಬೈಯ ಒಬ್ಬ ಅಂಗಡಿಯವ ಸಾಹುಕಾರರಿಗೆ ಹೇಳಿದ್ದ. ಆದರೆ ಒಂದೇ ಕಾರು, ಒಂದೇ ವರ್ಷ ಆದರೂ ಡಬ್ಬಿಗಳು ಎರಡು ಮೂರು ತರಹ ಇರುತ್ತವಂತೆ. ಡಬ್ಬಿಯ ಮೇಲಿನ ನಂಬರನ್ನು ಪೂರ್ತಿ ಓದಿ ಹೇಳಿದರೆ ಅದಕ್ಕೆ ತಕ್ಕ ಚಿಪ್ ಕಳಿಸುತ್ತೇನೆ, ಒಂದಂಕಿ ತಪ್ಪಿದರೂ ಹೊಂದುವುದಿಲ್ಲ ಎಂದಿದ್ದ.

ನನಗೆ ಹಿಗ್ಗೋ ಹಿಗ್ಗು. ಕಂಪ್ಯೂಟರ್ ಎಂಬ ಶಬ್ದವೇ ಆಗ ನಮ್ಮ ಅಂಗಡಿಗೆ ಹೊಸದು. ಅಣ್ಣ ಮಾತ್ರ ಎಲ್ಲ ಕೇಳಿಕೊಂಡು, "ಹಂಗಾರ ಇದಕ್ಕೂ ಹೆಸರು ಕೇಳೂದ ಐತಿ ಅನ್ನು. ನಮ್ಮ ಪಂಪಿನಂಗ" ಎಂದ. ಅವನ ಮುಖದಲ್ಲಿ ಒಂದು ಸಮಾಧಾನವಿತ್ತು. ಕಾಲ ಎಷ್ಟೇ ಬದಲಾದರೂ ತನ್ನ ಕೆಲಸ ಇನ್ನೂ ಇದೆ ಎಂಬಂತೆ.

ಡಬ್ಬಿ ಇದ್ದದ್ದು ಎಡಗಡೆಯ ಸೀಟಿನ ಮುಂದೆ, ಕಾಲಿಡುವ ಜಾಗದ ಹಾಸಿನ ಒಳಗೆ. ನಾನು ಮೈಯಿಂದ ದಪ್ಪ. ಅಣ್ಣ ಕಡ್ಡಿಯಂತಿದ್ದ. ಅವನೇ ಒಳಗೆ ತೂರಿ, ಹಾಸು ಸರಿಸಿ, ತಲೆಕೆಳಗಾಗಿ ಮಲಗಿದ. ಬೆಳಕಿಗೆ ಬ್ಯಾಟರಿ ಕೇಳಿದ, ಕೊಟ್ಟೆ. ಬಹಳ ಹೊತ್ತು ಒಳಗೆ ಏನೋ ತಿಕ್ಕಿದ. "ಕಾಣ್ತೈತೇನಣ್ಣಾ?" ಎಂದೆ. "ತಡಿ, ಧೂಳೈತಿ" ಎಂದ. ಮತ್ತೆ ತಿಕ್ಕಿದ. ಆಮೇಲೆ ಎಂದಿನಂತೆ ಒಂದೊಂದೇ ಅಂಕಿ ಹೇಳಿದ. ಕೊನೆಯ ನಾಲ್ಕು ಹೀಗಿದ್ದವು: ನಾಲ್ಕು, ಸೊನ್ನೆ, ಮೂರು, ಏಳು. ನಾನು ಕಾರಿನ ಆಚೆ ನಿಂತು ಬರೆದುಕೊಂಡೆ.

"ಬರಕೊಂಡಿಯೇನು?"

"ಬರಕೊಂಡೆ."

ಆ ಹೊತ್ತು ನಾನೊಮ್ಮೆ ಬಗ್ಗಿ ನೋಡಿದ್ದರೆ ಆಗುತ್ತಿತ್ತು. ನೋಡಲಿಲ್ಲ, ನೋಡಬಾರದೆಂಬುದೇ ನಮ್ಮ ರೀತಿ. ಎಸ್‌ಟಿಡಿ ಬೂತಿಗೆ ಹೋಗಿ ಮುಂಬೈಗೆ ಫೋನ್ ಹಚ್ಚಿ ನಂಬರು ಓದಿದೆ. ಹದಿನೈದು ದಿನಕ್ಕೆ ಒಂದು ಸಣ್ಣ ಪೊಟ್ಟಣದಲ್ಲಿ ಚಿಪ್ ಬಂತು.

ಚಿಪ್ ಕೂರಿಸಿದ್ದು ನಾನು. ಸಾಹುಕಾರರೇ ಸ್ಟಾರ್ಟ್ ಮಾಡಿದರು. ಕಾರು ಶುರುವಾಯಿತು, ಆದರೆ ಜ್ವರ ಬಂದವರಂತೆ ಗಡಗಡ ನಡುಗಿತು. ಹಿಂದಿನಿಂದ ಕರಿಹೊಗೆ, ಹಸಿ ಪೆಟ್ರೋಲಿನ ವಾಸನೆ. ಓಡಿದರೆ ಸರಿಹೋದೀತೆಂದು ಮೋಟೆಬೆನ್ನೂರಿನ ಕಡೆ ಹೊರಟೆವು. ಊರು ಮುಟ್ಟುವ ಮೊದಲೇ ರಸ್ತೆಯ ಮೇಲೆ ಕಾರು ನಿಂತುಬಿಟ್ಟಿತು. ಮೆಣಸಿನಕಾಯಿ ಚೀಲದ ಲಾರಿಯೊಂದಕ್ಕೆ ಹಗ್ಗ ಕಟ್ಟಿ, ಆ ಬಿಳಿ ಕಾರನ್ನು ಎಳೆಸಿಕೊಂಡು ಅಂಗಡಿಗೆ ಬಂದೆವು. ದಾರಿಯಲ್ಲಿ ಕಂಡವರೆಲ್ಲ ನಕ್ಕರು.

ಹೊಟ್ಟೆ ಒಳಗೆಳೆದುಕೊಂಡು ಕಾರಿನೊಳಗೆ ನಾನೇ ತೂರಿದೆ. ಡಬ್ಬಿಯ ಮೇಲೆ ಪಂಪಿಗಿರುವಂತೆ ಕೊರೆದ ತಗಡಿನ ಪಟ್ಟಿ ಇರಲಿಲ್ಲ, ಸಣ್ಣ ಬಿಳಿ ಕಾಗದ ಅಂಟಿಸಿ ಅದರ ಮೇಲೆ ನಂಬರು ಅಚ್ಚು ಹಾಕಿದ್ದರು. ಕಾಗದದ ತುಂಬ ಹೆಬ್ಬೆರಳಿನ ಗ್ರೀಸ್ ಗುರುತು. ಒಂದಲ್ಲ, ಎರಡಲ್ಲ. ಎಡದಿಂದ ಬಲಕ್ಕೆ, ಮತ್ತೆ ಎಡದಿಂದ ಬಲಕ್ಕೆ, ತಿಕ್ಕಿ ತಿಕ್ಕಿ ಕಪ್ಪು ಮಾಡಿದ್ದ. ಆ ಕಪ್ಪಿನ ಕೆಳಗೂ ಅಂಕಿ ಸ್ಪಷ್ಟವಾಗಿ ಕಾಣುತ್ತಿತ್ತು. ನಾಲ್ಕು, ಸೊನ್ನೆ, ಎಂಟು, ಏಳು. ಅಣ್ಣ ಎಂಟನ್ನು ಮೂರು ಎಂದಿದ್ದ.

ಆ ಗುರುತುಗಳು ಏನು ಹೇಳುತ್ತಿದ್ದವೆಂದು ಆವತ್ತು ನಾನು ಕೇಳಿಸಿಕೊಂಡಿದ್ದರೆ! ಹೊಲಸು ಕೈ ಹಚ್ಚಿ ಕಾರು ಕೆಡಿಸಿದ್ದಾನೆ ಎಂದಷ್ಟೇ ನನಗೆ ಕಂಡದ್ದು. ಹೊರಗೆ ಬಂದವನೇ ಸಾಹುಕಾರರ ಎದುರಿಗೆ, ಇಬ್ಬರು ಡ್ರೈವರುಗಳ ಎದುರಿಗೆ ಒದರಿದೆ.

"ನಂಬರ್ ತಪ್ಪ ಓದೀದಿ! ಇಂಗ್ಲಿಷ್ ಓದಾಕ ಬರಂಗಿಲ್ಲಂದ್ರ ಬರಂಗಿಲ್ಲ ಅನ್ನಬೇಕಿತ್ತು. ನಾಕನೇ ಇಯತ್ತೆ ಕಲ್ತು ಕಂಪ್ಯೂಟರ್ ನಂಬರ್ ಓದಾಕ ಯಾಕ ಹೋಗಬೇಕು ನೀ?"

ಸಾಹುಕಾರರೇ "ಹೋಗ್ಲಿ ಬಿಡ್ರಿ, ಹಳೇ ಚಿಪ್ ಐತಲ್ಲ, ಅದನ್ನ ಹಾಕ್ರಿ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅಣ್ಣ ನನ್ನತ್ತ ಮುಖ ಮಾಡಿದ. ನನ್ನನ್ನು ನೋಡುತ್ತಿದ್ದಾನೆ ಎಂದುಕೊಂಡೆ. ಅವನಿಗೆ ಎಷ್ಟು ಕಾಣುತ್ತಿತ್ತೋ ಈಗ ಯಾರು ಹೇಳಬೇಕು.

"ಹೌದಪಾ," ಎಂದ. "ಇಂಗ್ಲಿಷ್ ನನಗ ಬರಂಗಿಲ್ಲ."

ಕೈಗೆ ಚಿಮಣಿ ಎಣ್ಣೆ ಹಾಕಿಕೊಂಡು, ಕಟ್ಟಿಗೆಯ ಹೊಟ್ಟಿನಲ್ಲಿ ತಿಕ್ಕಿ ತೊಳೆದು, ಮಧ್ಯಾಹ್ನಕ್ಕೇ ಮನೆಗೆ ಹೋದ. ಹಳೆಯ ಚಿಪ್ ಹಾಕಿದೆ. ಕಾರು ಏನೂ ಆಗಿಲ್ಲವೆಂಬಂತೆ ಓಡಿತು. ಸಾಹುಕಾರರು ಮತ್ತೊಮ್ಮೆ ಚಿಪ್ಪಿನ ಮಾತೆತ್ತಲಿಲ್ಲ. ಕಾರಿನಲ್ಲಿ ಏನೂ ಹಾಳಾಗಿರಲಿಲ್ಲ, ಹಾಳಾದದ್ದು ಬೇರೆಯೇ.

ಮರುದಿನ ಅಣ್ಣ ಎಂದಿನ ಹೊತ್ತಿಗೆ ಬಂದು ಬಾಗಿಲು ತೆಗೆದ. ಪಂಪುಗಳ ನಂಬರು ಓದಿದ, ನಾನು ಬರೆದೆ, "ಬರಕೊಂಡಿಯೇನು" ಎಂದ. ಒಂದೂ ತಪ್ಪಲಿಲ್ಲ. ತಪ್ಪಾಯಿತು ಎಂದು ಹೇಳಬೇಕೆಂದು ನಾಲಿಗೆಯ ತುದಿಗೆ ಎಷ್ಟು ಸಲ ಬಂತೋ. ಅವನೇ ಮರೆತಂತಿದ್ದಾನೆ, ಮತ್ತೆ ಯಾಕೆ ಕೆದಕಲಿ ಎಂದು ಸುಮ್ಮನಾದೆ. ಹೀಗೆ ಸುಮ್ಮನಾಗಲು ನನ್ನಂಥವರಿಗೆ ಒಂದಿಲ್ಲೊಂದು ನೆಪ ಸಿಗುತ್ತಲೇ ಇರುತ್ತದೆ.

ದೀಪಾವಳಿ ಮುಗಿದ ವಾರ. ಹಲಗೇರಿಯ ಒಬ್ಬ ರೈತರು ಟ್ರ್ಯಾಕ್ಟರಿನ ಪಂಪನ್ನು ಗೋಣಿಚೀಲದಲ್ಲಿ ಸುತ್ತಿ ತಂದಿದ್ದರು. ಅದರ ಪಟ್ಟಿ ಯಾವಾಗಲೋ ಕಿತ್ತುಹೋಗಿತ್ತು. ಮುಂಚೆ ರಿಪೇರಿ ಮಾಡಿದ ಯಾರೋ ಪುಣ್ಯಾತ್ಮ, ಮುಂದಿನವರಿಗೆ ಅನುಕೂಲವಾಗಲೆಂದು ಪಂಪಿನ ಮೈಮೇಲೆ ಹಳದಿ ಬಣ್ಣದಲ್ಲಿ ಬೆರಳುದ್ದದ ಅಂಕಿಗಳನ್ನು ಬರೆದಿದ್ದ. ಅಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡ. ನಾನು ಪೆನ್ಸಿಲ್ ಹಿಡಿದು ಕೂತೆ. ಅವನ ಹೆಬ್ಬೆರಳು ಪಟ್ಟಿ ಇರಬೇಕಾದ ಜಾಗಕ್ಕೆ ಹೋಯಿತು. ಎರಡು ತೂತು ಸಿಕ್ಕವು. ಆಚೆ ಸರಿಯಿತು, ಈಚೆ ಸರಿಯಿತು, ಹಳದಿ ಅಂಕಿಗಳ ಮೇಲೆಯೇ ಹಾದು ಹೋಯಿತು. ಅವನ ಮುಖ ರಸ್ತೆಯ ಕಡೆಗಿತ್ತು.

"ಪಟ್ಟಿ ಇಲ್ಲಲ್ಲೋ ಇದಕ್ಕ. ನಂಬರ್ ಹ್ಯಾಂಗ ಹೇಳೂದು?" ಎಂದ.

ರೈತರು ನಗುತ್ತ, "ಮಿಸ್ತ್ರಿ, ಕಣ್ಣಾಗ ಹೊಡಿಯೂವಂಗ ಬರದಾರಲ್ರಿ ಹಳದಿ ಬಣ್ಣದಾಗ" ಎಂದರು.

ಅಣ್ಣನ ಹೆಬ್ಬೆರಳು ನಿಂತಿತು. ಆ ಕಾಗದದ ಮೇಲಿನ ಗ್ರೀಸ್ ಗೆರೆಗಳು ಒಂದೇಟಿಗೆ ಕಣ್ಣ ಮುಂದೆ ಬಂದವು. ಎಷ್ಟು ದಿನದಿಂದ, ಎಷ್ಟು ತಿಂಗಳಿಂದ ಇವನು ಬೆರಳಿನಿಂದ ಓದುತ್ತಿದ್ದಾನೆ? ಕೊರೆದ ತಗಡನ್ನು ಬೆರಳು ಓದಬಲ್ಲದು. ಅಚ್ಚು ಹಾಕಿದ ಕಾಗದವನ್ನು ಹೇಗೆ ಓದೀತು? ಬ್ಯಾಟರಿಯ ಬೆಳಕಿನಲ್ಲಿ ಉಳಿದಷ್ಟು ಕಣ್ಣಿನಿಂದ ಕಂಡಷ್ಟನ್ನು ಹೇಳಿದ್ದ ಅವನು. ಹತ್ತಾರು ಅಂಕಿಯಲ್ಲಿ ಒಂದನ್ನು ಮಾತ್ರ ತಪ್ಪಿದ್ದ.

ಮನೆಗೆ ಕರೆದುಕೊಂಡು ಹೋದೆ. ವೈನಿ ನಮ್ಮಿಬ್ಬರ ಮುಖ ಕಂಡವಳೇ ಅಳತೊಡಗಿದಳು. "ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಸಿದ್ರು ನನಗ. ತಾಟಿನ್ಯಾಗ ಪಲ್ಯೆ ಎಲ್ಲೈತಿ, ಚಟ್ನಿ ಎಲ್ಲೈತಿ ಅಂತ ನಾನ ಹೇಳ್ತಿದ್ದೆ" ಎಂದಳು.

ಹುಬ್ಬಳ್ಳಿಯ ಡಾಕ್ಟರು ಒಳ್ಳೆಯ ಹೆಣ್ಣುಮಗಳು. ಕಣ್ಣಿಗೆ ಔಷಧಿ ಹಾಕಿ, ಬೆಳಕು ಬಿಟ್ಟು, ಬಹಳ ಹೊತ್ತು ನೋಡಿದರು. ಸಕ್ಕರೆ ಏರಿ ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತ ಸೋರಿದೆ, ಬಲಗಣ್ಣು ಆಗಲೇ ಹೋಗಿದೆ, ಎಡಗಣ್ಣಿನಲ್ಲಿ ಉಳಿದದ್ದೂ ನಿಲ್ಲುವ ಭರವಸೆ ಇಲ್ಲ ಎಂದರು. ನನ್ನನ್ನು ಪಕ್ಕಕ್ಕೆ ಕರೆದು, "ಆರೇಳು ತಿಂಗಳ ಮೊದಲಾದ್ರೂ ಕರಕೊಂಡು ಬಂದಿದ್ರ ಒಂದು ಕಣ್ಣಾದ್ರೂ ಉಳಿಸಾಕ ಪ್ರಯತ್ನ ಮಾಡಬಹುದಿತ್ರಿ" ಎಂದರು.

ಯುಗಾದಿಯಿಂದ ದೀಪಾವಳಿಗೆ ಏಳು ತಿಂಗಳು. ಬೆರಳು ಮಡಿಸಿ ಎಣಿಸಬೇಕಾಗಿರಲಿಲ್ಲ.

ಬರುವಾಗ ಬಸ್ಸಿನಲ್ಲಿ ಅಣ್ಣನನ್ನು ಕಿಟಕಿಯ ಪಕ್ಕ ಕೂರಿಸಿದೆ. ಹಾವೇರಿ ದಾಟಿದ ಮೇಲೆ, ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನು ನೇರವಾಗಿ ಹೇಳಿದ, ಅದರಲ್ಲಿ ದೂರಿನ ಎಳೆಯೂ ಇರಲಿಲ್ಲ.

"ಆವತ್ತ ಹೇಳಬೇಕಂತ ಮಾಡಿದ್ದೆ. ಆ ಕಾರಿನ ಕೆಲಸ ಒಂದು ಮುಗೀಲಿ, ಆಮ್ಯಾಲ ತಮ್ಮಗ ಹೇಳೂಣು ಅಂತ. ನೀ ಇಂಗ್ಲಿಷ್ ಬರಂಗಿಲ್ಲ ಅಂದಿ. ಆತು ಬಿಡು, ಹಂಗ ತಿಳ್ಕೊಳ್ಳಿ ಅನಿಸ್ತು. ಇಂಗ್ಲಿಷ್ ಬರದಾಂವಗ ಪಂಪ್ ಬಿಚ್ಚಾಕ ಕೊಡ್ತಾರ. ಕಣ್ಣಿಲ್ಲದಾಂವಗ ಯಾರು ಕೊಡ್ತಾರ?"

ನಾನು ಮುಂದಿನ ಸೀಟಿನ ಸರಳು ಹಿಡಿದುಕೊಂಡು ಅತ್ತೆ. ನಲವತ್ತರ ಹತ್ತಿರದ ಗಂಡಸು, ತುಂಬಿದ ಬಸ್ಸು. ಅಣ್ಣನಿಗೆ ಗೊತ್ತಾಗಲಿಲ್ಲ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಅವನ ಕೈ ತಡವರಿಸಿಕೊಂಡು ಬಂದು ನನ್ನ ಮೊಣಕಾಲ ಮೇಲೆ ಕೂತಿತು. ರಾಣೆಬೆನ್ನೂರಿನವರೆಗೆ ಅಲ್ಲೇ ಇತ್ತು.

ಮುಂದಿನ ಬೇಸಿಗೆಗೆ ಎಡಗಣ್ಣೂ ಹೋಯಿತು. ಆದರೂ ಅಣ್ಣ ಅಂಗಡಿಗೆ ಬರುವುದನ್ನು ಬಿಡಲಿಲ್ಲ. ನಾನು ಪ್ರತಿ ಪಂಪನ್ನೂ ಮೊದಲು ಅವನ ತೊಡೆಯ ಮೇಲೆ ಇಡುತ್ತಿದ್ದೆ. ಅವನು ಓದುತ್ತಿದ್ದ, ನಾನು ಬರೆಯುತ್ತಿದ್ದೆ. ಹೊಸ ಡ್ರೈವರುಗಳು ನನ್ನ ಮುಖ ನೋಡುತ್ತಿದ್ದರು. ಹಳಬರು ಕಾಯುತ್ತ ಕೂರುತ್ತಿದ್ದರು. ಆದರೆ ಪಂಪುಗಳಿಗೂ ಕಾಗದದ ಚೀಟಿ ಅಂಟಿಸುವ ಕಾಲ ಬಂತು. ಅಂಥವು ಬಂದಾಗ ಅಣ್ಣ ಬೆರಳಾಡಿಸಿ, ನುಣ್ಣಗೆ ಹತ್ತಿದರೆ ಪಂಪನ್ನು ನನ್ನ ಕಡೆ ಸರಿಸುತ್ತಿದ್ದ. ಹಾಗೆ ಸರಿಸುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಬಿಡಿಭಾಗಗಳಿಗೆ ಗುರುತು ಬಡಿಯಲು ನಮ್ಮಲ್ಲಿ ಅಂಕಿಗಳ ಉಕ್ಕಿನ ಅಚ್ಚುಗಳಿದ್ದವು. ಒಂದು ದಿನ ಅಲ್ಯುಮಿನಿಯಂ ತಗಡನ್ನು ಬೆರಳಗಲ ಕತ್ತರಿಸಿ, ಕಾಗದದ ಚೀಟಿಯ ನಂಬರನ್ನು ಅದರ ಮೇಲೆ ಬಡಿದು ಪಂಪಿಗೆ ಕಟ್ಟಿಕೊಟ್ಟರೆ ಹೇಗೆ ಎಂದು ಹೊಳೆಯಿತು. ಕೈ ಪಳಗಲೆಂದು ಮೊದಲ ಪಟ್ಟಿ ಬಡಿಯಲು ಕೂತೆ. ಯಾವ ನಂಬರು ಬಡಿಯುವುದು? ಹಳೆಯ ನೋಟ್‌ಬುಕ್ ತೆಗೆದೆ. ಆ ಕಾರಿನ ಪುಟ ತಾನಾಗಿಯೇ ತೆರೆದುಕೊಂಡಿತೋ, ನಾನೇ ತೆರೆದೆನೋ. ಮೂರರ ಮೇಲೆ ನಾನು ಆವತ್ತು ಸಿಟ್ಟಿನಲ್ಲಿ ಕೆಂಪು ಪೆನ್ನಿನಿಂದ ಗೀಚಿದ ಎಂಟರ ಅಂಕಿ ಕಾಗದವನ್ನೇ ಹರಿದಿತ್ತು. ಆ ನಂಬರನ್ನೇ ಬಡಿದೆ.

ಪಟ್ಟಿಯನ್ನು ಅಣ್ಣನ ಕೈಯಲ್ಲಿಟ್ಟೆ. ಅವನು ಹೆಬ್ಬೆರಳಿನಿಂದ ತಿಕ್ಕಿ, ಎಂದಿನಂತೆ ಒಂದೊಂದೇ ಅಂಕಿ ಹೇಳತೊಡಗಿದ. ಅರ್ಧಕ್ಕೆ ಬಂದಾಗ ದನಿ ಮೆತ್ತಗಾಯಿತು. ಗುರುತು ಹತ್ತಿತ್ತು. ನಾಲ್ಕು ಎಂದ. ಸೊನ್ನೆ ಎಂದ. ಮುಂದಿನ ಅಂಕಿಯ ಮೇಲೆ ಬೆರಳು ನಿಂತಿತು. ಎಡ ಮಗ್ಗುಲಿಗೆ ಹೋಗಿ ಅದು ಮುಚ್ಚಿದೆಯೋ ತೆರೆದಿದೆಯೋ ಎಂದು ನೋಡಿತು. ಮತ್ತೊಮ್ಮೆ ನೋಡಿತು.

"ಎಂಟು," ಎಂದ. "ಎಂಟಿತ್ತೇನು ಅದು? ಎಲ್ಲಿ ತಪ್ಪಿದ್ದೆ ಅಂತ ನೀ ಆವತ್ತ ಹೇಳಲಿಲ್ಲ. ನಾನೂ ಕೇಳಲಿಲ್ಲ."

"ತಪ್ಪಾತಣ್ಣಾ," ಎಂದೆ. "ನನ್ನ ತಪ್ಪು."

ಅಣ್ಣ ಕೊನೆಯ ಏಳನ್ನೂ ಓದಿದ. ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದ.

"ಬರಕೊಂಡಿಯೇನು?"

"ಬರಕೊಂಡೆ," ಎಂದೆ. ನನ್ನ ಕೈಯಲ್ಲಿ ಪೆನ್ಸಿಲ್ ಇರಲಿಲ್ಲ.